ಒಂದೇ ಕೋಡ್, ಮೂರು ಡೇಟಾಬೇಸ್: ತೋಟದ ಲೆಕ್ಕದ ಸಾಫ್ಟ್‌ವೇರ್ ನಿಭಾಯಿಸುವ ಬಗೆ

ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದನ್ನು ನಾಲ್ಕು ಜನ ಬಳಸಲು ಶುರು ಮಾಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ನಮ್ಮಲ್ಲಿ ಬೇರೆ ಡೇಟಾಬೇಸ್ ಇದೆ, ಅದರಲ್ಲೂ ಓಡುತ್ತಾ?" ನಾನು ನೋಡಿಕೊಳ್ಳುವುದು ಕಾಫಿ ತೋಟದ ಲೆಕ್ಕದ ಒಂದು ಸಣ್ಣ ಸಾಫ್ಟ್‌ವೇರ್. ಮಳೆ ರಿಜಿಸ್ಟರ್, ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ಕೊಯ್ಲಿನ ತೂಕ, ಮಾರಿದ ಕಾಫಿಯ ಬಿಲ್ಲು, ಇಷ್ಟೇ ಅದರ ಕೆಲಸ. ಕೊಡಗಿನ ಒಳಗೇ ಅದು ಮೂರು ತರಹ ಓಡುತ್ತದೆ. ನಾಪೋಕ್ಲು ಕಡೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಹಳೆ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್, ಸರ್ವರ್ ಬೇಡದೆ ಒಂದೇ ಫೈಲ್‌ನಲ್ಲಿ ನಡೆಯುವ ಡೇಟಾಬೇಸ್. ಗೋಣಿಕೊಪ್ಪಲಿನ ಕೆಲವು ಬೆಳೆಗಾರರು ಸೇರಿ ತೆಗೆದುಕೊಂಡ ಅಗ್ಗದ ಹೋಸ್ಟಿಂಗ್‌ನಲ್ಲಿ ಮರಿಯಾಡಿಬಿ, ಅಂದರೆ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್. ಕುಶಾಲನಗರದ ಕಾಫಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್ ಆಫೀಸಿನಲ್ಲಿ ಪೋಸ್ಟ್‌ಗ್ರೆಸ್.

ಈ ಮೂರನ್ನೂ ಒಂದೇ ಕೋಡಿನಿಂದ ನಡೆಸುವುದು ಹೇಗೆ ಅನ್ನುವುದೇ ಈ ಬರಹ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಡೇಟಾಬೇಸ್‌ಗೂ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಬರೆಯುವ ರೀತಿ ಸ್ವಲ್ಪ ಬೇರೆ ಅಂತ ಎಲ್ಲರೂ ಹೆದರುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ. ಬರೆದದ್ದು ಹಿಡಿಸದಿದ್ದರೆ ಡೇಟಾಬೇಸ್ ಕೂಡಲೇ ಎರರ್ ಕೊಡುತ್ತದೆ, ಹತ್ತು ನಿಮಿಷದಲ್ಲಿ ಸರಿ ಮಾಡುತ್ತೀರಿ. ಒಂದೇ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಮೂರು ಕಡೆಯೂ ಎರರ್ ಇಲ್ಲದೆ ಓಡಿ ಮೂರು ಬೇರೆ ಉತ್ತರ ಕೊಟ್ಟಾಗಲೇ ನಿಜವಾದ ತಲೆನೋವು. ಕೆಳಗೆ ಹೇಳುವ ಕ್ರಮ ಎಲ್ಲಾ ಅಂಥ ಸುಮ್ಮನಿರುವ ತಪ್ಪುಗಳನ್ನು ಹಿಡಿಯುವುದಕ್ಕೆ.

ಹೂಂ ಅನ್ನುವ ಮೊದಲು

ಬೇಡಿಕೆ ಬಂದ ಕೂಡಲೇ ಒಪ್ಪಬೇಡಿ. ದೊಡ್ಡ ಪ್ರಾಜೆಕ್ಟ್‌ಗಳೇ ಇದರಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ವರ್ಡ್‌ಪ್ರೆಸ್ ಬೆಳೆದದ್ದು ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಮೇಲೆಯೇ. ಡಿಸ್ಕೋರ್ಸ್‌ಗೆ ಪೋಸ್ಟ್‌ಗ್ರೆಸ್ಸೇ ಬೇಕು. ಗಿಟ್‌ಲ್ಯಾಬ್ ಮೊದಲು ಪೋಸ್ಟ್‌ಗ್ರೆಸ್ ಜೊತೆ ಮೈಎಸ್‌ಕ್ಯೂಎಲ್ ಅನ್ನೂ ಇಟ್ಟುಕೊಂಡಿತ್ತು. 2019ರ ಜುಲೈನಲ್ಲಿ ಬಂದ 12.1 ಆವೃತ್ತಿಯಿಂದ ಅದನ್ನು ಕೈಬಿಟ್ಟಿತು. ಕನ್ನಡ ವಿಕಿಪೀಡಿಯದ ಹಿಂದೆ ಇರುವ ಮೀಡಿಯಾವಿಕಿ ಕೂಡ ಒರಾಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎರಡನ್ನೂ ಬಿಟ್ಟು ಹಗುರ ಮಾಡಿಕೊಂಡಿತು. ಹಣ, ಜನ ಎರಡೂ ಇರುವವರೇ ಕಡಿಮೆ ಮಾಡಿಕೊಳ್ಳುತ್ತಿರುವಾಗ ಸಂಜೆ ಹೊತ್ತು ಕೋಡ್ ಬರೆಯುವ ನಮಗೆ ಜಾಸ್ತಿ ಯಾಕೆ?

ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಬಳಸುವವರಿಗೆ ಡೇಟಾಬೇಸ್ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆಯಾ? ಅಗ್ಗದ ಹೋಸ್ಟಿಂಗ್‌ನಲ್ಲಿ ಇರುವವರಿಗೆ ಇಲ್ಲ, ಅಲ್ಲಿ ಕೊಟ್ಟದ್ದೇ ಗತಿ. ತೋಟದ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಹಾಕಿ ನೋಡಿಕೊಳ್ಳುವವರೇ ಇಲ್ಲ, ಅಲ್ಲಿ ಎಸ್‌ಕ್ಯೂಲೈಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಎರಡನೇ ಪ್ರಶ್ನೆ: ಈ ಡೇಟಾಬೇಸನ್ನು ದಿನಾ ಬಳಸುವ ಒಬ್ಬರಾದರೂ ನಮ್ಮ ಜೊತೆ ಕೋಡ್ ಬರೆಯುವವರಲ್ಲಿ ಇದ್ದಾರಾ? ಇಲ್ಲದಿದ್ದರೆ ಆ ಹೆಸರನ್ನು ಪಟ್ಟಿಗೆ ಸೇರಿಸುವುದೇ ಬೇಡ. ಒಂದು ಕಂಪನಿಯವರು ಒರಾಕಲ್ ಬೇಕು ಅಂತ ಕೇಳಿದ್ದರು. ಟೆಸ್ಟ್ ಓಡಿಸಲು ಒಬ್ಬರನ್ನು ಕೊಡಿ ಅಂದೆ. ಆಮೇಲೆ ಸುದ್ದಿಯಿಲ್ಲ. ಒಳ್ಳೆಯದೇ ಆಯಿತು. ಒರಾಕಲ್‌ನಲ್ಲಿ ಖಾಲಿ ಸ್ಟ್ರಿಂಗ್ ಅಂದರೆ ನಲ್, ಬೆಲೆಯೇ ಇಲ್ಲ ಅನ್ನುವ ಗುರುತು. ಅದೊಂದಕ್ಕೇ ನಮ್ಮ ಅರ್ಧ ಕೋಡ್ ತಿರುವಿ ನೋಡಬೇಕಿತ್ತು.

ಹೆಸರಿನ ಜೊತೆ ಆವೃತ್ತಿಯನ್ನೂ ಬರೆಯಿರಿ

"ಮೈಎಸ್‌ಕ್ಯೂಎಲ್‌ನಲ್ಲಿ ಓಡುತ್ತದೆ" ಅನ್ನುವ ಮಾತಿಗೆ ಅರ್ಥವಿಲ್ಲ. ಯಾವ ಮೈಎಸ್‌ಕ್ಯೂಎಲ್? ಅದರ 5.7 ಆವೃತ್ತಿಯ ಆಯಸ್ಸು 2023ರ ಅಕ್ಟೋಬರ್‌ಗೇ ಮುಗಿಯಿತು. ಆದರೂ ಹಳೆ ಹೋಸ್ಟಿಂಗ್‌ಗಳಲ್ಲಿ ಅದು ಇನ್ನೂ ಸಿಗುತ್ತದೆ. ಚೆಕ್ ಕನ್‌ಸ್ಟ್ರೇಂಟ್ (ಕಾಲಂಗೆ ಇಂಥ ಬೆಲೆಯೇ ಬರಬೇಕು ಅನ್ನುವ ನಿಯಮ) ಬರೆದರೆ ಆ ಹಳೆಯದು ಓದಿಕೊಂಡು ಸುಮ್ಮನೆ ಬಿಟ್ಟುಬಿಡುತ್ತದೆ. ಅದು ನಿಜಕ್ಕೂ ಜಾರಿಗೆ ಬಂದದ್ದು 8.0.16ರಿಂದ. ಪೋಸ್ಟ್‌ಗ್ರೆಸ್‌ನ ಲೆಕ್ಕ ಸುಲಭ: ವರ್ಷಕ್ಕೊಂದು ದೊಡ್ಡ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷದ ಬೆಂಬಲ. ಅವರು ಬಿಟ್ಟದ್ದನ್ನು ನಾವೂ ಬಿಡುತ್ತೇವೆ ಅಂತ ಒಂದು ಸಾಲು ಬರೆದಿಟ್ಟರೆ ಚರ್ಚೆಯೇ ಬೇಡ.

ಎಸ್‌ಕ್ಯೂಲೈಟ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದು ಬೇರೆಯಾಗಿ ಇನ್‌ಸ್ಟಾಲ್ ಆಗುವುದು ಕಡಿಮೆ. ಆಪರೇಟಿಂಗ್ ಸಿಸ್ಟಂ ಜೊತೆಗೋ ಭಾಷೆಯ ಜೊತೆಗೋ ಬಂದುಬಿಡುತ್ತದೆ. ಉಬುಂಟು 20.04ರಲ್ಲಿ ಇರುವುದು 3.31. ಟೇಬಲ್‌ನಿಂದ ಕಾಲಂ ತೆಗೆಯುವ ಸೌಲಭ್ಯ ಬಂದದ್ದು 2021ರ 3.35ರಲ್ಲಿ. ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡಿದ್ದು ರೈಟರ್ ಮನೆಯ ಹಳೆ ಮಶೀನಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಸಾಫ್ಟ್‌ವೇರ್ ಶುರುವಾಗುವಾಗಲೇ ಆವೃತ್ತಿ ಕೇಳಿ ನೋಡಲಿ. ಕಡಿಮೆ ಇದ್ದರೆ ಅರ್ಥವಾಗುವ ಕನ್ನಡದಲ್ಲಿ ಹೇಳಿ ನಿಲ್ಲಲಿ.

ಮರಿಯಾಡಿಬಿ ಮತ್ತು ಮೈಎಸ್‌ಕ್ಯೂಎಲ್ ಒಂದೇ ಅಂತ ಲೆಕ್ಕ ಹಾಕಬೇಡಿ. 2009ರಲ್ಲಿ ಕವಲೊಡೆದ ಮೇಲೆ ಎರಡೂ ತಮ್ಮ ತಮ್ಮ ದಾರಿಯಲ್ಲಿ ಬಹಳ ದೂರ ಹೋಗಿವೆ. ಸಾಲು ಸೇರಿಸುವಾಗಲೇ ಅದರ ಐಡಿಯನ್ನು ವಾಪಸ್ ಕೊಡುವ ರಿಟರ್ನಿಂಗ್ ಮರಿಯಾಡಿಬಿಯಲ್ಲಿ 10.5ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಜೇಸನ್ ಕಾಲಂ ಮೈಎಸ್‌ಕ್ಯೂಎಲ್‌ನಲ್ಲಿ ನಿಜವಾದ ಬೇರೆ ಟೈಪ್. ಮರಿಯಾಡಿಬಿಯಲ್ಲಿ ಅದು ಉದ್ದ ಟೆಕ್ಸ್ಟ್‌ಗೆ ಇಟ್ಟ ಇನ್ನೊಂದು ಹೆಸರು.

ಟೈಪ್‌ಗಳನ್ನು ಬಡವಾಗಿ ಇಡಿ

ಮೂರಕ್ಕೂ ಒಗ್ಗುವ ಟೈಪ್‌ಗಳು ತುಂಬಾ ಕಡಿಮೆ: ಪೂರ್ಣಾಂಕ, ಟೆಕ್ಸ್ಟ್, ತಾರೀಖು, ಹೌದು-ಇಲ್ಲ. ಅಷ್ಟರಲ್ಲೇ ಕೆಲಸ ಮುಗಿಸಿದರೆ ಸುಖ.

ಮಳೆಯನ್ನೇ ನೋಡಿ. ನಮ್ಮಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. "ನಿನ್ನೆ ರಾತ್ರಿ ಎರಡು ಇಂಚು ನಲವತ್ತೈದು" ಅಂದರೆ 2.45. ಇದನ್ನು ಡೆಸಿಮಲ್ ಕಾಲಂನಲ್ಲಿ ಹಾಕಲು ಮನಸ್ಸಾಗುತ್ತದೆ, ಅಲ್ವಾ? ಪೋಸ್ಟ್‌ಗ್ರೆಸ್, ಮರಿಯಾಡಿಬಿ ಎರಡರಲ್ಲೂ ಸರಿಯಾಗಿಯೇ ಇರುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಡೆಸಿಮಲ್ ಅನ್ನುವ ಟೈಪೇ ಇಲ್ಲ. ಹೆಸರು ಬರೆದರೆ ಬೇಡ ಅನ್ನುವುದಿಲ್ಲ, ಒಳಗೆ ಫ್ಲೋಟ್ (ಅಂದಾಜು ದಶಮಾಂಶ) ಮಾಡಿ ಇಡುತ್ತದೆ. ವರ್ಷದ ಮಳೆ ಕೂಡಿಸಿದಾಗ ಕೊನೆಯಲ್ಲಿ ಪುಟಾಣಿ ಬಾಲ ಬರುತ್ತದೆ. ಅದಕ್ಕೆ ನಾವು ಸೆಂಟನ್ನೇ ಪೂರ್ಣಾಂಕವಾಗಿ ಇಡುತ್ತೇವೆ: 245. ತೋರಿಸುವಾಗ ಮಾತ್ರ ಇಂಚು, ಸೆಂಟು. ಮಿಲಿಮೀಟರ್ ಬೇಕಾದವರಿಗೆ ಇಂಚಿಗೆ 25.4ರ ಲೆಕ್ಕದಲ್ಲಿ ತೋರಿಸುವಾಗಲೇ ಗುಣಿಸಿ ಕೊಡುತ್ತೇವೆ.

ಹಣಕ್ಕೂ ಇದೇ ದಾರಿ, ಪೈಸೆಯಲ್ಲಿ ಇಡಿ. ಆದರೆ ಟೈಪ್ ಬಿಗ್‌ಇಂಟ್ ಆಗಿರಲಿ. ಮಾಮೂಲಿ 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ 2,147,483,647. ಪೈಸೆಯಲ್ಲಿ ಇಟ್ಟರೆ ಎರಡು ಕೋಟಿ ಹದಿನಾಲ್ಕು ಲಕ್ಷ ರೂಪಾಯಿ ಚಿಲ್ಲರೆಗೆ ಅದು ತುಂಬಿಹೋಗುತ್ತದೆ. ಸಣ್ಣ ತೋಟಕ್ಕೆ ಇದು ದೂರದ ಮಾತು. ಕ್ಯೂರಿಂಗ್ ವರ್ಕ್ಸ್‌ಗೆ ಒಂದು ಸೀಸನ್ನಿನ ಮಾತು. ಎಸ್‌ಕ್ಯೂಲೈಟ್‌ನಲ್ಲಿ ಪೂರ್ಣಾಂಕ 64 ಬಿಟ್‌ವರೆಗೂ ಹಿಗ್ಗುತ್ತದೆ. ಆದ್ದರಿಂದ ಅದರಲ್ಲಿ ಮಾತ್ರ ಟೆಸ್ಟ್ ಮಾಡಿದರೆ ಈ ಗುಂಡಿ ಕಾಣುವುದೇ ಇಲ್ಲ.

ತಾರೀಖಿನ ವಿಷಯ ಸ್ವಲ್ಪ ನಿಂತು ನೋಡಬೇಕು. ಒಬ್ಬರು ಕಳಿಸಿದ ಪ್ಯಾಚ್‌ನಲ್ಲಿ ಮಳೆಯ ತಾರೀಖನ್ನು ಟೈಮ್‌ಸ್ಟ್ಯಾಂಪ್ ಮಾಡಿ ಯುಟಿಸಿಯಲ್ಲಿ (ವಿಶ್ವ ಸಮಯದಲ್ಲಿ) ಇಡಲಾಗಿತ್ತು. ಓದಲು ಚೆಂದವಾಗಿಯೇ ಇತ್ತು. ನಾಪೋಕ್ಲಿನ ರೈಟರ್ ಅದನ್ನು ಹಾಕಿ ನೋಡಿ ಫೋನ್ ಮಾಡಿದರು: "ಅಕ್ಕ, ಹೂಮಳೆ ಎಲ್ಲಾ ಒಂದೊಂದು ದಿನ ಹಿಂದೆ ಹೋಗಿದೆ. ಸಾಹುಕಾರ್ರಿಗೆ ಏನಂತ ಹೇಳೋದು?" ನಮ್ಮ ನಡುರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಬರೀ ತಾರೀಖನ್ನು ನಡುರಾತ್ರಿಯ ಸಮಯ ಮಾಡಿದರೆ ದಿನವೇ ಜಾರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಹಿಡಿದೇ ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ, ಸ್ಪ್ರಿಂಕ್ಲರ್ ಲೆಕ್ಕ ನಡೆಯುವುದರಿಂದ ಇಲ್ಲಿ ಒಂದು ದಿನ ಅಂದರೆ ಸಣ್ಣದಲ್ಲ. ನಿಯಮ ಹೀಗೆ ಇಟ್ಟುಕೊಳ್ಳಿ: ರಿಜಿಸ್ಟರಿನಲ್ಲಿ ಗಂಟೆ ಬರೆಯದ ವಿಷಯಕ್ಕೆ ಡೇಟಾಬೇಸ್‌ನಲ್ಲೂ ಗಂಟೆ ಬೇಡ. ಗಂಟೆ ಬೇಕಾದ ಕಡೆ, ಅಂದರೆ ಯಾರು ಯಾವಾಗ ಎಂಟ್ರಿ ಹಾಕಿದರು ಅನ್ನುವಂಥದ್ದಕ್ಕೆ, ಕೋಡಿನಲ್ಲೇ ಯುಟಿಸಿ ಮಾಡಿ ಕೊಡಿ. ಡೇಟಾಬೇಸ್ ಕೈಯಲ್ಲಿ ಸಮಯ ಪರಿವರ್ತನೆ ಮಾಡಿಸಬೇಡಿ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕನೆಕ್ಷನ್‌ನ ಟೈಮ್‌ಝೋನ್ ನೋಡಿ ತಿರುಗುತ್ತದೆ, ಡೇಟ್‌ಟೈಮ್ ತಿರುಗುವುದಿಲ್ಲ. ಎಸ್‌ಕ್ಯೂಲೈಟ್‌ಗೆ ಸಮಯದ ಟೈಪೇ ಇಲ್ಲ, ಟೆಕ್ಸ್ಟ್ ಆಗಿ ಇಡಬೇಕು.

ಕನ್ನಡದ ಹೆಸರುಗಳು

ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8 ಅಂತ ಹಳೆಯ ಹೆಸರಿನಲ್ಲಿ ಕರೆಯುವುದು ಒಂದು ಅಕ್ಷರಕ್ಕೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡದ ಅಕ್ಷರಗಳಿಗೆ ಸರಿಯಾಗಿ ಮೂರೇ ಬೈಟ್ ಬೇಕು. ಹಾಗಾಗಿ ಕನ್ನಡ ಹಾಕಿ ನೋಡಿದವರಿಗೆ ಎಲ್ಲಾ ಸರಿ ಕಾಣುತ್ತದೆ. ಯಾರೋ ಷರಾದಲ್ಲಿ ಒಂದು ನಗುಮುಖದ ಎಮೋಜಿ ಹಾಕಿದ ದಿನ ಅದು ಒಡೆಯುತ್ತದೆ, ಎಮೋಜಿಗೆ ನಾಲ್ಕು ಬೈಟ್. ಯುಟಿಎಫ್8ಎಂಬಿ4 ಅಂತ ಸ್ಪಷ್ಟವಾಗಿ ಹೇಳಿಯೇ ಟೇಬಲ್ ಮಾಡಿ. 8.0ರಿಂದ ಅದೇ ಡಿಫಾಲ್ಟ್. ಆದರೂ ಹಳೆಯದರಿಂದ ಮೇಲೇರಿಸಿದ ಡೇಟಾಬೇಸ್ ತನ್ನ ಹಳೆ ಗುಣ ಬಿಟ್ಟಿರುವುದಿಲ್ಲ.

ಉದ್ದದ ಲೆಕ್ಕವನ್ನೂ ನೋಡಿ. "ಮಡಿಕೇರಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ, ಬೈಟ್‌ನಲ್ಲಿ 21. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನ ವಾರ್‌ಚಾರ್ (ಉದ್ದದ ಮಿತಿ ಇರುವ ಟೆಕ್ಸ್ಟ್) ಎಣಿಸುವುದು ಆ ಏಳನ್ನು. ಎಸ್‌ಕ್ಯೂಲೈಟ್ ಉದ್ದದ ಮಿತಿಯನ್ನು ಕೇಳಿಸಿಕೊಳ್ಳುವುದೇ ಇಲ್ಲ, ಇಪ್ಪತ್ತು ಅಂತ ಬರೆದ ಕಾಲಂಗೆ ಇನ್ನೂರು ಹಾಕಿದರೂ ತೆಗೆದುಕೊಳ್ಳುತ್ತದೆ. ಕೊಡವರ ಹೆಸರಿನಲ್ಲಿ ಮನೆತನದ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಲ್ಲಾ ಸೇರಿದರೆ ಉದ್ದವೇ ಆಗುತ್ತದೆ. ಉದ್ದದ ಪರೀಕ್ಷೆ ಕೋಡಿನಲ್ಲೇ ಇರಲಿ.

ಇನ್ನೊಂದು, ಕನ್ನಡದವರೇ ಮರೆಯುವುದು. "ಕೊಡಗು" ಅನ್ನುವಲ್ಲಿ ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಹೋಲಿಸುವ ಎಸ್‌ಕ್ಯೂಲೈಟ್‌ಗೂ, ಡಿಫಾಲ್ಟ್ ಪೋಸ್ಟ್‌ಗ್ರೆಸ್‌ಗೂ ಅವು ಬೇರೆ ಬೇರೆ ಹೆಸರು. ಪದದ ನಡುವೆ ಒತ್ತಕ್ಷರ ಬಿಡಿಸಲು ಹಾಕುವ ಕಾಣದ ಜಾಯಿನರ್ ಕೂಡ ಹೀಗೇ ಕಾಟ ಕೊಡುತ್ತದೆ. ಉಳಿಸುವ ಮೊದಲು ಎಲ್ಲಾ ಟೆಕ್ಸ್ಟನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತ ಮಾಡುವ ಯೂನಿಕೋಡ್ ರೂಪ) ತಂದು, ಹಿಂದೆ ಮುಂದೆ ಇರುವ ಖಾಲಿ ಜಾಗ ಕತ್ತರಿಸಿ. ಹುಡುಕಲು ಬೇರೆ ಕಾಲಂ ಮಾಡಿ, ಅದರಲ್ಲಿ ಜಾಯಿನರ್ ತೆಗೆದ ರೂಪ ಇಡಿ.

ಆ ಹುಡುಕುವ ಕಾಲಂ ಇಂಗ್ಲಿಷ್ ಹೆಸರಿಗೂ ಬೇಕಾಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ನಮ್ಮ ಟೆಸ್ಟ್ ಡೇಟಾ ಪೂರ್ತಿ ಕನ್ನಡದಲ್ಲಿದ್ದರೆ ಈ ವ್ಯತ್ಯಾಸ ಯಾರಿಗೂ ಕಾಣದು. ಇಂಗ್ಲಿಷ್ ಲಿಪಿಯಲ್ಲಿ ಪೊನ್ನಪ್ಪ ಅಂತ ಚಿಕ್ಕಕ್ಷರದಲ್ಲಿ ಹುಡುಕಿದರೆ ಮರಿಯಾಡಿಬಿ ದೊಡ್ಡಕ್ಷರದ ಪೊನ್ನಪ್ಪನನ್ನೂ ಕೊಡುತ್ತದೆ. ಪೋಸ್ಟ್‌ಗ್ರೆಸ್ ಯಾರೂ ಇಲ್ಲ ಅನ್ನುತ್ತದೆ. ಎಸ್‌ಕ್ಯೂಲೈಟ್ ಇನ್ನೂ ವಿಚಿತ್ರ: ಸಮ ಚಿಹ್ನೆ ಹಾಕಿ ಹುಡುಕಿದರೆ ಇಲ್ಲ, ಲೈಕ್ ಹಾಕಿ ಹುಡುಕಿದರೆ ಇದೆ.

ಹೆಸರಿನ ಪಟ್ಟಿಯ ಕ್ರಮವನ್ನೂ ಡೇಟಾಬೇಸ್‌ಗೆ ಬಿಡಬೇಡಿ. ಯೂನಿಕೋಡ್‌ನಲ್ಲಿ ಳ ಬರುವುದು ಲ ಆದ ಮೇಲೆ, ವ ಬರುವ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ. ಬೈಟ್ ಕ್ರಮದಲ್ಲಿ ಜೋಡಿಸಿದರೆ "ಬಳ" ಅಂತ ಶುರುವಾಗುವ ಊರು "ಬಸ" ಅಂತ ಶುರುವಾಗುವ ಊರಿನ ಮುಂದೆ ಬಂದು ಕೂರುತ್ತದೆ. ಮುನ್ನೂರು ಆಳುಗಳ ಪಟ್ಟಿಗೆ ಕೋಡಿನಲ್ಲಿ ಜೋಡಿಸಿದರೆ ಏನೂ ಭಾರವಾಗದು.

ಬೇರೆ ಬೇರೆ ಬರೆಯಬೇಕಾದದ್ದು ಒಂದೇ ಜಾಗದಲ್ಲಿ

ಓಆರ್‌ಎಂ ಬಳಸಿ, ಅಂದರೆ ನಮ್ಮ ಕೋಡ್ ನೋಡಿ ಎಸ್‌ಕ್ಯೂಎಲ್ ತಾನೇ ಬರೆದುಕೊಡುವ ಲೈಬ್ರರಿ. ಎಸ್‌ಕ್ಯೂಎಲ್‌ಆಲ್ಕೆಮಿ ಇರಲಿ, ಜ್ಯಾಂಗೋದ್ದು ಇರಲಿ, ಎಷ್ಟೋ ವರ್ಷದ ಪೆಟ್ಟು ತಿಂದು ಗಟ್ಟಿಯಾದ ಕೋಡ್ ಅದು. ನಾವೇ ಹೊಸದಾಗಿ ಬರೆಯಲು ಹೋಗುವುದು ಹುಚ್ಚು. ಆದರೂ ನೂರಕ್ಕೆ ಐದು ಕ್ವೆರಿ ಕೈಯಲ್ಲೇ ಬರೆಯಬೇಕಾಗುತ್ತದೆ. ಅವೆಲ್ಲಾ ಒಂದೇ ಫೋಲ್ಡರ್‌ನಲ್ಲಿ ಇರಲಿ. ಕೋಡಿನ ತುಂಬಾ "ಮೈಎಸ್‌ಕ್ಯೂಎಲ್ ಆದರೆ ಹೀಗೆ, ಇಲ್ಲದಿದ್ದರೆ ಹಾಗೆ" ಅಂತ ಚೆಲ್ಲಿದರೆ ಅದು ಲಂಟಾನ ಹಬ್ಬಿದ ಹಾಗೆ, ಕಿತ್ತಷ್ಟೂ ಇನ್ನೊಂದು ಕಡೆ ಏಳುತ್ತದೆ.

ಆ ಫೋಲ್ಡರ್ ಒಳಗೂ ಡೇಟಾಬೇಸ್‌ನ ಹೆಸರು ಕೇಳಬೇಡಿ, ಸೌಲಭ್ಯ ಕೇಳಿ. "ಇದು ಪೋಸ್ಟ್‌ಗ್ರೆಸ್ಸಾ?" ಅನ್ನುವುದಕ್ಕಿಂತ "ಇದರಲ್ಲಿ ರಿಟರ್ನಿಂಗ್ ಇದೆಯಾ?" ಅನ್ನುವ ಪ್ರಶ್ನೆ ಒಳ್ಳೆಯದು. ನಾಳೆ ಹೊಸ ಆವೃತ್ತಿಯಲ್ಲಿ ಆ ಸೌಲಭ್ಯ ಬಂದರೆ ಒಂದೇ ಸಾಲು ಬದಲಿಸಿದರಾಯಿತು.

ಅಪ್‌ಸರ್ಟ್ ಅನ್ನುವುದು, ಅಂದರೆ ಇದ್ದರೆ ತಿದ್ದು ಇಲ್ಲದಿದ್ದರೆ ಸೇರಿಸು ಅನ್ನುವುದು, ಈ ಫೋಲ್ಡರ್‌ಗೆ ಬರುವ ಮೊದಲ ಗಿರಾಕಿ. ಚೆಕ್‌ರೋಲ್‌ನಲ್ಲಿ ಒಬ್ಬ ಆಳಿಗೆ ಒಂದು ದಿನಕ್ಕೆ ಒಂದೇ ಸಾಲು. ಮಧ್ಯಾಹ್ನ ಮತ್ತೆ ಎಂಟ್ರಿ ಹಾಕಿದರೆ ಬೆಳಗಿನದನ್ನು ತಿದ್ದಬೇಕು. ಪೋಸ್ಟ್‌ಗ್ರೆಸ್ 9.5ರಿಂದಲೂ ಎಸ್‌ಕ್ಯೂಲೈಟ್ 3.24ರಿಂದಲೂ ಇದನ್ನು ಆನ್ ಕಾನ್‌ಫ್ಲಿಕ್ಟ್ ಅಂತ ಬರೆಯಬಹುದು. ಯಾವ ಯೂನಿಕ್ ಕೀ (ಎರಡು ಸಲ ಬರಬಾರದ ಬೆಲೆ) ನೋಡಬೇಕು ಅಂತ ಅಲ್ಲಿ ಹೇಳಬಹುದು. ಮೈಎಸ್‌ಕ್ಯೂಎಲ್, ಮರಿಯಾಡಿಬಿಯ ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್‌ನಲ್ಲಿ ಆ ಆಯ್ಕೆ ಇಲ್ಲ. ಟೇಬಲ್‌ನ ಯಾವ ಯೂನಿಕ್ ಕೀ ತಾಗಿದರೂ ತಿದ್ದುತ್ತದೆ. ಒಂದೇ ಯೂನಿಕ್ ಕೀ ಇರುವ ಟೇಬಲ್‌ಗೆ ಮಾತ್ರ ಇದನ್ನು ಬಳಸಿ. ರಿಪ್ಲೇಸ್ ಅನ್ನುವುದನ್ನಂತೂ ಮುಟ್ಟಲೇ ಬೇಡಿ. ಅದು ಹಳೆ ಸಾಲನ್ನು ಅಳಿಸಿ ಹೊಸದು ಹಾಕುತ್ತದೆ. ಆ ಸಾಲಿಗೆ ಕ್ಯಾಸ್ಕೇಡ್‌ನಲ್ಲಿ ಕಟ್ಟಿದ ಮಿಕ್ಕ ದಾಖಲೆಗಳೂ ಜೊತೆಗೇ ಹೋಗುತ್ತವೆ.

ಹೆಸರು ಇಡುವಾಗ ಎಲ್ಲಾ ಚಿಕ್ಕಕ್ಷರ, ನಡುವೆ ಅಂಡರ್‌ಸ್ಕೋರ್. ವಿಂಡೋಸ್‌ನಲ್ಲಿ ನಡೆದ ದೊಡ್ಡಕ್ಷರದ ಟೇಬಲ್ ಹೆಸರು ಲಿನಕ್ಸ್‌ನ ಮೈಎಸ್‌ಕ್ಯೂಎಲ್‌ನಲ್ಲಿ ಸಿಗುವುದಿಲ್ಲ. ಯೂಸರ್ ಅನ್ನುವ ಟೇಬಲ್ ಹೆಸರು ಪೋಸ್ಟ್‌ಗ್ರೆಸ್‌ಗೆ ಆಗದು. ಆಳುಗಳ ಗ್ಯಾಂಗ್‌ಗಳಿಗೆ ಗ್ರೂಪ್ಸ್ ಅಂತ ಹೆಸರಿಟ್ಟರೆ ಮೈಎಸ್‌ಕ್ಯೂಎಲ್ 8 ಒಪ್ಪದು.

ಸುಮ್ಮನಿರುವ ತಪ್ಪುಗಳು

ಈಗ ಮೊದಲು ಹೇಳಿದ ತಲೆನೋವಿಗೆ ಬರೋಣ.

ಎರಡು ದಿನದ ಮಳೆ 245 ಸೆಂಟು. ದಿನಕ್ಕೆ ಎಷ್ಟು? ಮರಿಯಾಡಿಬಿ 122.5 ಅನ್ನುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ 122 ಅನ್ನುತ್ತವೆ, ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದದ್ದನ್ನು ಎಸೆಯುತ್ತವೆ. ಮಳೆಯಲ್ಲಿ ಅರ್ಧ ಸೆಂಟು ಹೋದರೆ ಹೋಗಲಿ. ಚೆರಿಯ ಔಟ್‌ಟರ್ನ್ ಲೆಕ್ಕದಲ್ಲಿ ಹೀಗಾದರೆ? 50 ಕಿಲೋ ಚೆರಿ ಮೂಟೆಗೆ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವ ಆ ಓಟಿ ಮೇಲೆಯೇ ಬೆಲೆ ನಿಲ್ಲುವುದು. ದಶಮಾಂಶ ಎಗರಿಹೋದರೆ ಬೆಳೆಗಾರ ಮೂಟೆ ಮೂಟೆಗೂ ಕಳೆದುಕೊಳ್ಳುತ್ತಾನೆ. ಭಾಗಾಕಾರವನ್ನು ಎಸ್‌ಕ್ಯೂಎಲ್‌ನಿಂದ ಹೊರಗೆ ತಂದು ಕೋಡಿನಲ್ಲಿ ಮಾಡಿ.

ಮನೆತನದ ಹೆಸರನ್ನೂ ಸ್ವಂತ ಹೆಸರನ್ನೂ ಎರಡು ನೆಟ್ಟಗಿನ ಗೆರೆ ಹಾಕಿ ಸೇರಿಸುವ ಕ್ವೆರಿ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ನಲ್ಲಿ ಪೂರ್ತಿ ಹೆಸರು ಕೊಡುತ್ತದೆ. ಮೈಎಸ್‌ಕ್ಯೂಎಲ್, ಮರಿಯಾಡಿಬಿಯಲ್ಲಿ ಅದೇ ಗೆರೆಗೆ "ಅಥವಾ" ಅನ್ನುವ ಅರ್ಥ. ಸಂಬಳದ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಸೊನ್ನೆ ಬರುತ್ತದೆ. ಎರರ್ ಬರುವುದಿಲ್ಲ.

ಬಿಲ್ಲುಗಳನ್ನು ಹಣ ಬಂದ ತಾರೀಖಿನ ಕ್ರಮದಲ್ಲಿ ಜೋಡಿಸಿ ಮೊದಲ ಇಪ್ಪತ್ತು ತೋರಿಸುತ್ತೀರಿ ಅಂದುಕೊಳ್ಳಿ. ಹಣ ಬಾರದ ಬಿಲ್ಲಿಗೆ ತಾರೀಖು ನಲ್. ಮರಿಯಾಡಿಬಿ, ಎಸ್‌ಕ್ಯೂಲೈಟ್‌ನಲ್ಲಿ ಅವು ಮೊದಲ ಪುಟದ ತುದಿಯಲ್ಲೇ ಕಾಣುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಯ ಪುಟಕ್ಕೆ ಹೋಗುತ್ತವೆ. ಬಾಕಿ ಇರುವುದೇ ಕಾಣದಿದ್ದರೆ ಆ ಪಟ್ಟಿ ಯಾಕೆ ಬೇಕು? ನಲ್ಸ್ ಫಸ್ಟ್ ಅಂತ ಬರೆಯಲು ಮೈಎಸ್‌ಕ್ಯೂಎಲ್ ಬಿಡದು. ನಲ್ ಹೌದೋ ಅಲ್ಲವೋ ಅಂತ ಕೇಸ್ ಹಾಕಿ ಮೊದಲು ಜೋಡಿಸಿ, ಆಮೇಲೆ ತಾರೀಖು.

ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವುದನ್ನೇ ಹೇಳಬೇಕು ಅನ್ನುವ ನಿಯಮ) ಬರೆದಿರುತ್ತೀರಿ, ಆದರೆ ಅದನ್ನು ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಅನ್ನುವ ಆಜ್ಞೆ ಕೊಟ್ಟು ಆನ್ ಮಾಡಬೇಕು. ಮಾಡದಿದ್ದರೆ ಇಲ್ಲದ ಆಳಿನ ಹೆಸರಿಗೂ ಹಾಜರಿ ಬೀಳುತ್ತದೆ. ಡಬಲ್ ಕೋಟ್ ಒಳಗೆ ಕಾಲಂ ಹೆಸರು ತಪ್ಪಾಗಿ ಬರೆದರೆ ಅದನ್ನು ಟೆಕ್ಸ್ಟ್ ಅಂದುಕೊಂಡು ಸುಮ್ಮನೆ ಮುಂದೆ ಹೋಗುವುದೂ ಎಸ್‌ಕ್ಯೂಲೈಟಿನ ಒಂದು ಹಳೆ ಚಾಳಿ.

ಪೋಸ್ಟ್‌ಗ್ರೆಸ್‌ದು ಬೇರೆ ಗುಣ. ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಕೆಲಸಗಳ ಕಟ್ಟು) ನಡುವೆ ಒಂದು ಇನ್‌ಸರ್ಟ್ ಎರರ್ ಆಗಿ ಬಿದ್ದರೆ ಪೂರ್ತಿ ಟ್ರಾನ್ಸಾಕ್ಷನ್ನೇ ಕೆಟ್ಟಿತು ಅನ್ನುತ್ತದೆ, ಮುಂದಿನ ಯಾವ ಮಾತೂ ಕೇಳದು. ಮರಿಯಾಡಿಬಿ ಬಿದ್ದದ್ದನ್ನು ಬಿಟ್ಟು ಮುಂದೆ ನಡೆಯುತ್ತದೆ. ಇಡೀ ದಿನದ ಚೆಕ್‌ರೋಲ್ ಒಟ್ಟಿಗೆ ಹಾಕುವಾಗ ಡೂಪ್ಲಿಕೇಟ್ ಬಂದರೆ ಹಿಡಿದು ಬಿಟ್ಟುಬಿಡೋಣ ಅಂತ ಬರೆದ ಕೋಡ್ ಒಂದು ಕಡೆ ನಡೆದು ಇನ್ನೊಂದು ಕಡೆ ನಿಲ್ಲುವುದು ಇದರಿಂದಲೇ. ಸೇವ್‌ಪಾಯಿಂಟ್ (ಬಿದ್ದರೆ ಹಿಂದೆ ಬರುವ ಗುರುತು) ಹಾಕಿ, ಅಥವಾ ಅಪ್‌ಸರ್ಟ್ ಬಳಸಿ.

ಮಳೆಗಾಲದ ಮಾತೂ ಒಂದಿದೆ. ಜೂನ್, ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಳೆ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿರುತ್ತದೆ. ಎಸ್‌ಕ್ಯೂಲೈಟ್‌ನ ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಫೈಲ್‌ಗೆ ಬರೆಯುವ ರೀತಿ) ವೇಗಕ್ಕಾಗಿ ಸಿಂಕ್ರೊನಸ್ ಅನ್ನುವ ಸೆಟ್ಟಿಂಗ್ ಅನ್ನು ನಾರ್ಮಲ್ ಮಾಡಿದರೆ ಫೈಲ್ ಕೆಡುವುದಿಲ್ಲ, ಆದರೆ ಕೊನೆಯ ಕೆಲವು ಎಂಟ್ರಿ ಕಳೆದುಹೋಗಬಹುದು. ಫುಲ್ ಇರಲಿ. ಫೈಲನ್ನು ಇನ್ನೊಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರ್‌ನಲ್ಲಿ ಇಟ್ಟು ಇಬ್ಬರು ತೆರೆಯುವುದು ಬೇಡವೇ ಬೇಡ. ಬಿಝಿ ಟೈಮ್‌ಔಟ್ (ಲಾಕ್ ಬಿಡುವವರೆಗೆ ಕಾಯುವ ಸಮಯ) ಕೊಡಿ, ಇಲ್ಲದಿದ್ದರೆ "ಲಾಕ್ ಆಗಿದೆ" ಅಂತ ದಿನಕ್ಕೆ ನಾಲ್ಕು ಫೋನ್ ಬರುತ್ತದೆ.

ಮೈಗ್ರೇಶನ್

ಮೈಗ್ರೇಶನ್ ಅಂದರೆ ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್. ಒಂದು ಮೈಗ್ರೇಶನ್‌ನಲ್ಲಿ ಒಂದೇ ಬದಲಾವಣೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಿಸುವುದೂ ಟ್ರಾನ್ಸಾಕ್ಷನ್ ಒಳಗೇ ನಡೆಯುತ್ತದೆ, ಮಧ್ಯದಲ್ಲಿ ಬಿದ್ದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಮೈಎಸ್‌ಕ್ಯೂಎಲ್, ಮರಿಯಾಡಿಬಿಯಲ್ಲಿ ಅಂಥ ಪ್ರತಿ ಬದಲಾವಣೆಯೂ ತಾನಾಗಿ ಕಮಿಟ್ ಆಗುತ್ತದೆ. ಐದು ಬದಲಾವಣೆಯಲ್ಲಿ ಮೂರನೆಯದು ಬಿದ್ದರೆ ಎರಡು ಆಗಿವೆ, ಮೂರು ಆಗಿಲ್ಲ, ಮತ್ತೆ ಓಡಿಸಿದರೆ ಮೊದಲನೆಯದೇ ಬೀಳುತ್ತದೆ. ಒಂದೊಂದೇ ಇಟ್ಟರೆ ಎಲ್ಲಿ ನಿಂತಿತು ಅಂತ ನಂಬರ್ ನೋಡಿದರೆ ಗೊತ್ತಾಗುತ್ತದೆ.

ಎಸ್‌ಕ್ಯೂಲೈಟ್‌ನಲ್ಲಿ ಕಾಲಂನ ಟೈಪ್ ಬದಲಿಸಲು ಹೊಸ ಟೇಬಲ್ ಮಾಡಿ, ಡೇಟಾ ಸುರಿದು, ಹಳೆಯದು ತೆಗೆದು, ಹೆಸರು ಬದಲಿಸಬೇಕು. ಎಸ್‌ಕ್ಯೂಎಲ್‌ಆಲ್ಕೆಮಿಯ ಮೈಗ್ರೇಶನ್ ಸಾಧನವಾದ ಅಲೆಂಬಿಕ್‌ನ ಬ್ಯಾಚ್ ಮೋಡ್ ಇದನ್ನು ತಾನೇ ಮಾಡುತ್ತದೆ. ಆ ಹೊತ್ತಿಗೆ ಫಾರಿನ್ ಕೀ ಆಫ್ ಇರಬೇಕು ಅನ್ನುವುದನ್ನು ನೆನಪಿಡಿ. ಮೈಗ್ರೇಶನ್‌ಗೆ ಮೊದಲು ಸಾಫ್ಟ್‌ವೇರೇ ಬ್ಯಾಕಪ್ ತೆಗೆಯಲಿ. ಓಡುತ್ತಿರುವ ಫೈಲನ್ನು ಕಾಪಿ ಪೇಸ್ಟ್ ಮಾಡುವ ಬ್ಯಾಕಪ್ ನಂಬಿಕೆಗೆ ಯೋಗ್ಯವಲ್ಲ. ವ್ಯಾಕ್ಯೂಮ್ ಇಂಟು ಅನ್ನುವ ಆಜ್ಞೆ ಇದಕ್ಕೇ ಇದೆ.

ಟೆಸ್ಟ್ ಓಡದ ಡೇಟಾಬೇಸ್ ಪಟ್ಟಿಯಲ್ಲಿ ಬೇಡ

ಒಂದೇ ಟೆಸ್ಟ್ ಸೆಟ್, ಡೇಟಾಬೇಸ್‌ನ ವಿಳಾಸ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ. ಇಷ್ಟು ಮಾಡಿದರೆ ಡಾಕರ್‌ನಲ್ಲಿ ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಎಬ್ಬಿಸಿ ಅದೇ ಟೆಸ್ಟ್‌ಗಳನ್ನು ಮೂರು ಸಲ ಓಡಿಸಬಹುದು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸರ್ವಿಸ್ ಕಂಟೇನರ್ ಅಂತ ಇದಕ್ಕೆ ಜಾಗವೇ ಇದೆ. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಮೂರರ ಹೊಸ ಆವೃತ್ತಿ, ರಾತ್ರಿಗೊಮ್ಮೆ ಪಟ್ಟಿಯಲ್ಲಿರುವ ತೀರಾ ಹಳೆಯವು. ಎಸ್‌ಕ್ಯೂಲೈಟ್ ಬೇಗ ಓಡುತ್ತದೆ ಅಂತ ಅದರಲ್ಲಿ ಮಾತ್ರ ಟೆಸ್ಟ್ ಮಾಡಿ ಪೋಸ್ಟ್‌ಗ್ರೆಸ್‌ಗೆ ಕಳಿಸುವ ಅಭ್ಯಾಸ ತುಂಬಾ ಕಡೆ ಇದೆ. ಮೇಲೆ ಹೇಳಿದ ಪಟ್ಟಿ ನೋಡಿದರೆ ಅದು ಯಾಕೆ ಸಾಲದು ಅಂತ ಗೊತ್ತಾಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಸಹ ನಂಬುವಂತಿಲ್ಲ. ಹಾಗಾಗಿ ಇಮೇಜ್‌ಗಳನ್ನು ಮೊದಲೇ ಇಳಿಸಿಟ್ಟು, ಒಂದೇ ಆಜ್ಞೆಯಲ್ಲಿ ಮೂರೂ ಲ್ಯಾಪ್‌ಟಾಪ್‌ನಲ್ಲೇ ಓಡುವ ಸ್ಕ್ರಿಪ್ಟ್ ಇಟ್ಟಿದ್ದೇನೆ. ಟೆಸ್ಟ್‌ನ ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ (ಬರೆದದ್ದು ಡಿಸ್ಕ್‌ಗೆ ಸೇರುವವರೆಗೆ ಕಾಯುವುದು) ಆಫ್ ಮಾಡಿದರೆ ಎಷ್ಟೋ ಬೇಗ ಮುಗಿಯುತ್ತದೆ. ನಿಜವಾದ ಡೇಟಾ ಇರುವ ಕಡೆ ಅದನ್ನು ಮುಟ್ಟಬಾರದು.

ಟೆಸ್ಟ್ ಡೇಟಾ ಸಾಧುವಾಗಿದ್ದರೆ ಪ್ರಯೋಜನವಿಲ್ಲ. ನಮ್ಮದರಲ್ಲಿ ಇರುವವರು: ತುಂಡು ಒತ್ವದಲ್ಲಿ ಬರೆದ ಪೊನ್ನಂಪೇಟೆ, ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಇರುವ ಆಳು, ಷರಾದಲ್ಲಿ ಎಮೋಜಿ, ಹಣ ಬಾರದ ಬಿಲ್ಲು, ಮೂರು ಕೋಟಿಯ ಬಿಲ್ಲು, ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಒಮ್ಮೆ ಚಿಕ್ಕಕ್ಷರ ಒಮ್ಮೆ ಬರೆದ ಒಂದೇ ಹೆಸರು, ಸೊನ್ನೆ ಮಳೆ ಬಿದ್ದ ದಿನ ಮತ್ತು ಮಳೆ ಅಳೆಯದೇ ಬಿಟ್ಟ ದಿನ. ಕೊನೆಯ ಎರಡು ಬೇರೆ ಬೇರೆ. ಒಂದು ಸೊನ್ನೆ, ಇನ್ನೊಂದು ನಲ್.

ಇಶ್ಯೂ ಹಾಕುವವರಿಗೆ ಕೊಡುವ ಫಾರ್ಮ್‌ನಲ್ಲಿ ಡೇಟಾಬೇಸ್‌ನ ಹೆಸರು, ಆವೃತ್ತಿ ಕೇಳಿ. ಇನ್ನೂ ಒಳ್ಳೆಯದು, ಸಾಫ್ಟ್‌ವೇರ್ ಒಳಗೇ ಒಂದು ಪುಟ ಮಾಡಿ ಅವೆಲ್ಲಾ ತೋರಿಸಿ, ಅದರ ಫೋಟೋ ಕಳಿಸಿ ಅನ್ನಿ. ರೈಟರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸುತ್ತಾರೆ, ಫಾರ್ಮ್ ತುಂಬುವುದಿಲ್ಲ.

ಬಿಡುವಾಗ

ಯಾವುದೋ ಒಂದನ್ನು ಕೈಬಿಡುವ ದಿನವೂ ಬರುತ್ತದೆ. ಟೆಸ್ಟ್ ಕೆಂಪಾಗಿದ್ದು ಸರಿ ಮಾಡುವವರು ಸಿಗದಿದ್ದರೆ ಬಿಡಬೇಕು. ಒಂದು ಆವೃತ್ತಿ ಮೊದಲೇ ಹೇಳಿ. ಕೊಡಗಿನಲ್ಲಾದರೆ ಡಿಸೆಂಬರಿನಿಂದ ಫೆಬ್ರುವರಿವರೆಗೆ ಅಂಥದ್ದಕ್ಕೆ ಕೈ ಹಾಕಬೇಡಿ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಅಪ್‌ಗ್ರೇಡ್ ಮಾಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಬಿಡುವ ಮೊದಲು ಹೊರಗೆ ಹೋಗುವ ದಾರಿ ಮಾಡಿಕೊಡಿ. ಡೇಟಾಬೇಸ್‌ನ ಡಂಪ್ ಫೈಲ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಸಾಫ್ಟ್‌ವೇರೇ ತನ್ನ ಟೇಬಲ್‌ಗಳನ್ನು ಸಾಲಿಗೊಂದು ಜೇಸನ್ ಮಾಡಿ ಬರೆದು, ಇನ್ನೊಂದು ಕಡೆ ಅದನ್ನೇ ಓದಿಕೊಳ್ಳಲಿ. ಎಸ್‌ಕ್ಯೂಲೈಟ್‌ನಿಂದ ಬರುವ ಡೇಟಾದಲ್ಲಿ ಮಿತಿ ಮೀರಿದ ಟೆಕ್ಸ್ಟ್, ಅಂಕಿಯ ಕಾಲಂನಲ್ಲಿ ಅಕ್ಷರ ಎಲ್ಲಾ ಇರುತ್ತದೆ. ಓದುವಾಗ ಪರೀಕ್ಷಿಸಿ, ಆಗದ ಸಾಲುಗಳನ್ನು ಬೇರೆ ಫೈಲ್‌ಗೆ ಹಾಕಿ ತೋರಿಸಿ. ಪೋಸ್ಟ್‌ಗ್ರೆಸ್‌ಗೆ ತುಂಬಿದ ಮೇಲೆ ಪ್ರತಿ ಟೇಬಲ್‌ನ ಸೀಕ್ವೆನ್ಸನ್ನು (ಮುಂದಿನ ಐಡಿ ಕೊಡುವ ಎಣಿಕೆ) ಇರುವ ದೊಡ್ಡ ಐಡಿಯವರೆಗೆ ಮುಂದಕ್ಕೆ ತಳ್ಳಿ. ತಳ್ಳದಿದ್ದರೆ ಹಳೆ ದಾಖಲೆ ಎಲ್ಲಾ ಸರಿಯಾಗಿ ಕಾಣುತ್ತದೆ, ಮರುದಿನ ಬೆಳಿಗ್ಗೆ ಮೊದಲ ಆಳಿನ ಹಾಜರಿ ಹಾಕುವಾಗ ಡೂಪ್ಲಿಕೇಟ್ ಕೀ ಅಂತ ಎರರ್ ಬರುತ್ತದೆ.